ಗ್ವಾಂಗ್‌ಝೌಗೆ ಹೊಸಬರೇ, ಹಬ್ಬದ ಮನೆಗೆ ಟೀ ಕುಡಿಯಲು ಹೋಗಿ

ಆಫೀಸಿನವರು ಚೀನೀ ಹೊಸ ವರ್ಷಕ್ಕೆ ಮನೆಗೆ ಕರೆದಿದ್ದಾರೆ, ನಾವು ಸಸ್ಯಾಹಾರಿಗಳು, ಡ್ರಿಂಕ್ಸ್ ಕೂಡ ಮಾಡಲ್ಲ, ಹೋಗೋದಾ ಬೇಡ್ವಾ ಅಂತ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಹೋಗಿ. ಊಟ ಕೈಕೊಟ್ಟರೂ ಟೀ ಇದ್ದೇ ಇರುತ್ತದೆ, ಟೀ ಕುಡಿಯುತ್ತಾ ಕೂತವರನ್ನು ಇಲ್ಲಿ ಯಾರೂ ಹೊರಗಿನವರು ಅಂತ ನೋಡಲ್ಲ.

ಹಾಲು, ಸಕ್ಕರೆ ಮಾತ್ರ ಕೇಳಬೇಡಿ.

ಕರೆದವರು ಛಾವ್‌ಝೌ ಅಥವಾ ಶಾಂಟೌ ಕಡೆಯವರಾದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಇದೇ ಗ್ವಾಂಗ್‌ಡಾಂಗ್ ಪ್ರಾಂತ್ಯದ ಪೂರ್ವ ಭಾಗದ ಊರುಗಳು ಅವು, ಗೊಂಗ್‌ಫು ಟೀಗೆ ಹೆಸರುವಾಸಿ. ಗಾಯ್‌ವಾನ್ ಅನ್ನೋ ಮುಚ್ಚಳದ ಬಟ್ಟಲಿಗೆ ತುಂಬಾ ಎಲೆ ಹಾಕಿ, ಕುದಿಯುವ ನೀರು ಸುರಿದು, ಕೆಲವೇ ಸೆಕೆಂಡಿನಲ್ಲಿ ಬಸಿದುಬಿಡುತ್ತಾರೆ. ಅದೇ ಎಲೆಗೆ ಮತ್ತೆ ಮತ್ತೆ ನೀರು, ಪ್ರತಿ ಸಲ ರುಚಿ ಸ್ವಲ್ಪ ಬೇರೆ. ಕಪ್ಪು ಎರಡು ಗುಟುಕಿನಷ್ಟು. ಎಷ್ಟು ಜನ ಬಂದರೂ ಕಪ್ಪು ಮೂರೇ ಇಡೋದು ಅಲ್ಲಿನ ಹಳೇ ಪದ್ಧತಿ, ಹಾಗಾಗಿ ಇನ್ನೊಬ್ಬರು ಕುಡಿದ ಕಪ್ಪು ನಿಮಗೆ ಬರಬಹುದು. ಎಂಜಲು ಅಂತ ಮುಖ ಸಿಂಡರಿಸಬೇಡಿ, ಪ್ರತಿ ಸುತ್ತಿಗೂ ಕಪ್ಪನ್ನು ಕುದಿಯುವ ನೀರಿನಲ್ಲಿ ತೊಳೆಯುತ್ತಾರೆ. ಮೊದಲು ಹಿರಿಯರು ತೆಗೆದುಕೊಳ್ಳಲಿ.

ಯಾರಾದರೂ ನಿಮ್ಮ ಕಪ್ಪಿಗೆ ಸುರಿದಾಗ ಎರಡು ಬೆರಳಿನಿಂದ ಮೇಜನ್ನು ಮೆಲ್ಲಗೆ ತಟ್ಟಿ, ಅದೇ ಥ್ಯಾಂಕ್ಸ್. ಮಾರುವೇಷದಲ್ಲಿದ್ದ ಛಿಯೆನ್‌ಲಾಂಗ್ ಚಕ್ರವರ್ತಿ ತನ್ನ ಸೇವಕನಿಗೆ ಟೀ ಸುರಿದನಂತೆ, ಅಡ್ಡಬಿದ್ದರೆ ಗುಟ್ಟು ಬಯಲಾಗುತ್ತೆ ಅಂತ ಅವನು ಬೆರಳು ಮಡಚಿ ಮೇಜು ತಟ್ಟಿದನಂತೆ. ಕಥೆ ಇರಬಹುದು, ಆದರೆ ಬೆರಳು ತಟ್ಟೋದನ್ನು ನೋಡಿದ ತಕ್ಷಣ ಮನೆಯ ಅಜ್ಜಿ ಖುಷಿಪಡೋದಂತೂ ನಿಜ. ನೀವು ಸುರಿಯುವಾಗ ಕಪ್ಪನ್ನು ಮುಕ್ಕಾಲಿಗಿಂತ ಜಾಸ್ತಿ ತುಂಬಬೇಡಿ, ಕೈ ಸುಡುತ್ತದೆ, ಮರ್ಯಾದೆಯೂ ಅಲ್ಲ. ಇನ್ನು ಮುಖ್ಯವಾದದ್ದು, ಸಾಕು ಅನ್ನಿಸಿದರೆ ಕಪ್ಪನ್ನು ತುಂಬಿದ ಹಾಗೇ ಬಿಟ್ಟುಬಿಡಿ. ನಮ್ಮಲ್ಲಿ ಬಡಿಸಿದ್ದನ್ನು ಬಿಡಬಾರದು ಅಂತ ಕಲಿಸಿರುತ್ತಾರಲ್ವಾ, ಆ ಅಭ್ಯಾಸದಲ್ಲಿ ಖಾಲಿ ಮಾಡುತ್ತಾ ಹೋದರೆ ಅವರು ಸುರಿಯುತ್ತಲೇ ಇರುತ್ತಾರೆ, ನಿಮಗೆ ರಾತ್ರಿಯಿಡೀ ನಿದ್ದೆ ಬರಲ್ಲ. ಖಾಲಿ ಹೊಟ್ಟೆಯಲ್ಲಂತೂ ಈ ಟೀ ಬೇಡವೇ ಬೇಡ, ತಲೆ ಸುತ್ತುತ್ತದೆ.

ಆ ಕಡೆಯವರ ಹೆಮ್ಮೆ ಫೆಂಗ್‌ಹ್ವಾಂಗ್ ಬೆಟ್ಟದ ದಾನ್‌ಛೊಂಗ್ ಅನ್ನೋ ಊಲಾಂಗ್ ಟೀ. ಅದರಲ್ಲಿ ಒಂದು ಬಗೆಯ ಹೆಸರು 'ಬಾತುಕೋಳಿ ಹಿಕ್ಕೆಯ ಪರಿಮಳ', ಗಾಬರಿಯಾಗಬೇಡಿ, ಹೂವಿನ ಘಮ ಇರುತ್ತದೆ, ಬಾತುಕೋಳಿಗೂ ಅದಕ್ಕೂ ಸಂಬಂಧವಿಲ್ಲ, ಒಳ್ಳೆ ಗಿಡವನ್ನು ಯಾರೂ ಕದಿಯದಿರಲಿ ಅಂತ ಹಾಗೆ ಹೆಸರಿಟ್ಟರಂತೆ. ಎಣ್ಣೆ ಜಿಡ್ಡಿನ ತಿಂಡಿಗೆ ಯುನ್ನಾನ್ ಪ್ರಾಂತ್ಯದ ಪುಅರ್ ಟೀ ಚೆನ್ನಾಗಿ ಹೊಂದುತ್ತದೆ, ಕಪ್ಪಗೆ, ಮಣ್ಣಿನ ವಾಸನೆ, ಮೊದಲ ಸಲ ಎಲ್ಲರಿಗೂ ಹಿಡಿಸಲ್ಲ. ಹಾಂಗ್‌ಝೌನ ಲಾಂಗ್‌ಜಿಂಗ್ ಹಸಿರು ಟೀ ಸಿಕ್ಕರೆ ಮನೆಯಲ್ಲಿ ಸುಮಾರು 80 ಡಿಗ್ರಿ ನೀರಿನಲ್ಲಿ ಮಾಡಿ, ಕುದಿಯುವ ನೀರು ಹಾಕಿದರೆ ಕಹಿಯಾಗುತ್ತದೆ.

ಜೊತೆಗೆ ಇಡುವ ಕಿತ್ತಳೆ, ಕಡಲೆಕಾಯಿ, ಸಕ್ಕರೆ ಹಾಕಿದ ತಾವರೆ ಬೀಜ ಧೈರ್ಯವಾಗಿ ತಿನ್ನಿ. ಮೂಲಂಗಿ ಕೇಕ್ ಅಂದರೆ ಮೋಸಹೋಗಬೇಡಿ, ಒಳಗೆ ಸಾಮಾನ್ಯವಾಗಿ ಒಣ ಸೀಗಡಿ, ಸಾಸೇಜ್ ಇರುತ್ತವೆ. ಚೀನೀ ಪಂಚಾಂಗದ ಎಂಟನೇ ತಿಂಗಳ ಹುಣ್ಣಿಮೆಗೆ ಮಧ್ಯ ಶರತ್ ಹಬ್ಬ, ನಮ್ಮ ಲೆಕ್ಕಕ್ಕೆ ಭಾದ್ರಪದ ಇಲ್ಲವೇ ಆಶ್ವಯುಜದ ಹುಣ್ಣಿಮೆ ಆಗುತ್ತದೆ. ಆಗ ಕೊಡುವ ಮೂನ್‌ಕೇಕಿನಲ್ಲಿ ಬಾತುಮೊಟ್ಟೆಯ ಹಳದಿ, ಹಂದಿ ಕೊಬ್ಬು ಇರಬಹುದು, ಐದು ಬಗೆಯ ಬೀಜ ತುಂಬಿದ ಮೂನ್‌ಕೇಕಿನಲ್ಲೂ ಕೆಲವೊಮ್ಮೆ ಹ್ಯಾಮ್ ಹಾಕುತ್ತಾರೆ. ಕೇಳಿಯೇ ತಿನ್ನಿ. 'ವೋ ಛ್ ಸು' ಅಂದರೆ ನಾನು ಸಸ್ಯಾಹಾರಿ, ಎಲ್ಲರಿಗೂ ಅರ್ಥವಾಗುತ್ತದೆ.

ಗ್ಲಾಸು ಎತ್ತಿ ಬಾಯ್‌ಜಿಯೋ ಅನ್ನೋ ಚೀನೀ ಸಾರಾಯಿ ಕುಡಿಸಲು ಬಂದರೆ 'ಯಿ ಛಾ ದಾಯ್ ಜಿಯೋ' ಅನ್ನಿ, ಸಾರಾಯಿ ಬದಲು ಟೀ. ನಿಮ್ಮ ಕಪ್ಪು ಹಿರಿಯರ ಗ್ಲಾಸಿಗಿಂತ ಸ್ವಲ್ಪ ಕೆಳಗಿರಲಿ.

ಬರಿಗೈಯಲ್ಲಿ ಹೋಗಬೇಡಿ. ಚಿಕ್ಕಮಗಳೂರಿನ ಫಿಲ್ಟರ್ ಕಾಫಿಪುಡಿ ಕೊಟ್ಟರೆ ಪಾಪ ಏನು ಮಾಡಬೇಕು ಅಂತ ತಿಳಿಯದೆ ಶೆಲ್ಫಿನಲ್ಲಿ ಇಡುತ್ತಾರೆ. ಕಿತ್ತಳೆ ಕೊಡಿ, ಜೋಡಿ ಲೆಕ್ಕದಲ್ಲಿ, ಆದರೆ ನಾಲ್ಕು ಬೇಡ, ಆ ಸಂಖ್ಯೆ ಇಲ್ಲಿ ಅಪಶಕುನ. ಅಥವಾ ಟೀ ಕೊಡಿ, ಎರಡೂ ಕೈಯಿಂದ. ಲಿವಾನ್ ಜಿಲ್ಲೆಯ ಫಾಂಗ್‌ಚುನ್‌ನಲ್ಲಿ ದೊಡ್ಡ ಸಗಟು ಟೀ ಮಾರುಕಟ್ಟೆ ಇದೆ, ಕೂರಿಸಿ ರುಚಿ ನೋಡಲು ಕೊಡುತ್ತಾರೆ, ಹಿಡಿಸದಿದ್ದರೆ ಸುಮ್ನೆ ಎದ್ದು ಬರಬಹುದು. ಹಬ್ಬದ ವಾರ ಬಹಳಷ್ಟು ಅಂಗಡಿ ಮುಚ್ಚಿರುತ್ತವೆ, ಮುಂಚೆಯೇ ಹೋಗಿ ಬನ್ನಿ.