ಲಾರಿ ಏರ್ ಟ್ಯಾಂಕಿನಿಂದ ಮಾಡಿದ ಹೌಸಿಂಗ್ ಕವರ್: ನನ್ನ ಅನುಭವ

ಎರಡು ಮಳೆಗಾಲ ಆಯ್ತು, ನನ್ನ ಪಿಕಪ್ಪಿನ ಹಿಂದಿನ ಹೌಸಿಂಗ್ (ಹಿಂದಿನ ಎರಡು ಚಕ್ರದ ನಡುವೆ ಗೇರ್ ಕೂತಿರುವ ಡಬ್ಬಿ) ರಿಪೇರಿಗೆ ಬಿಚ್ಚಿಲ್ಲ. ಹೊಸನಗರ ಕಡೆ ಲೋಡ್ ಹೊಡೆಯುವವರಿಗೆ ಇದರ ಬೆಲೆ ಗೊತ್ತು. ಆಗುಂಬೆಯಲ್ಲಿ ಭಾರಿ ಗಾಡಿ ಬಿಡುವುದಿಲ್ಲ, ಲಾರಿಗಳೆಲ್ಲ ಹುಲಿಕಲ್ ಘಾಟಿಗೇ ಬರುತ್ತವೆ. ಘಾಟಿ ಕೆಳಗಿನ ಹೊಸಂಗಡಿಯಿಂದ ಜಂಬಿಟ್ಟಿಗೆ ತುಂಬಿಕೊಂಡು, ಅವುಗಳ ಹಿಂದೆ ಫಸ್ಟ್ ಗೇರಿನಲ್ಲೇ ಹತ್ತಬೇಕು. ಮಾಸ್ತಿಕಟ್ಟೆಯಲ್ಲಿ ಚಹಾಕ್ಕೆ ನಿಲ್ಲಿಸಿದರೆ ಹೌಸಿಂಗ್ ಮೇಲೆ ಬಿದ್ದ ಮಳೆಹನಿ ಚುಂಯ್ ಅನ್ನುತ್ತಿತ್ತು. ಮೂರು ವರ್ಷದಲ್ಲಿ ಎರಡು ಸಲ ಕ್ರೌನ್-ಪಿನಿಯನ್ (ಹೌಸಿಂಗಿನ ಒಳಗಿನ ಜೋಡಿ ಹಲ್ಲುಚಕ್ರ) ಹೋಯ್ತು. ಬೇರಿಂಗು, ಕೂಲಿ ಸೇರಿ ಪ್ರತಿ ಸಲ ಇಪ್ಪತ್ತು ಸಾವಿರದ ಹತ್ತಿರ.

ಹೌಸಿಂಗಿಗೆ ದೊಡ್ಡ ಕವರ್ ಹಾಕಿ ಆಯಿಲ್ ಜಾಸ್ತಿ ಹಿಡಿಸೋಣ, ಶಾಖ ಇಳಿಯಲಿ ಅಂದೆ. ಶಿವಮೊಗ್ಗದ ಗ್ಯಾರೇಜ್ ಮೇಸ್ತ್ರಿ ಒಪ್ಪಲಿಲ್ಲ. "ಕಂಪನಿಯವರಿಗೆ ಗೊತ್ತಿಲ್ಲದ್ದು ನಿಂಗೆ ಗೊತ್ತಾ ಮಾರಾಯಾ?" ಅಂದರು.

ಮೊದಲು ಅಲ್ಯೂಮಿನಿಯಂ ಕವರ್ ಎರಕ ಹೊಯ್ಯಿಸಿದೆ. ಮೂರು ಸಾವಿರ ಚಿಲ್ಲರೆ ಹೋಯ್ತು. ಎರಕದಲ್ಲಿ ಗಾಳಿಗುಳ್ಳೆ ಇತ್ತು. ಬಿಸಿಯಾದ ಕೂಡಲೇ ಬೆವರಿದ ಹಾಗೆ ಆಯಿಲ್ ಜಿನುಗಿತು. ಎಂ-ಸೀಲ್ ಹಚ್ಚಿದೆ, ನಾಲ್ಕು ಟ್ರಿಪ್ ತಡೆಯಿತು, ಅಷ್ಟೇ.

ಆಮೇಲೆ ಪ್ಲೇಟಿನಲ್ಲಿ ಚೌಕದ ಡಬ್ಬಿ ತರಹದ್ದು ಮಾಡಿಸಿದೆ. ನೋಡಲು ಚೆಂದ ಇತ್ತು. ಆಯಿಲ್ ಎಲ್ಲಿವರೆಗೆ ತುಂಬಬೇಕು ಅಂತ ತೋರಿಸುವ ಲೆವೆಲ್ ಪ್ಲಗ್ ಒಂದು ಇಂಚು ಮೇಲೆ ಇಡಿಸಿದ್ದೇ ದೊಡ್ಡ ತಪ್ಪು. ಆಯಿಲ್ ಆಕ್ಸಲ್ ಟ್ಯೂಬಿನ ಗುಂಟ ಹೋಗಿ ಸೀಲ್ ದಾಟಿತು, ಬ್ರೇಕ್ ಡ್ರಮ್ಮಿಗೆ ಇಳಿಯಿತು. ಘಾಟಿ ಇಳಿಯುವಾಗ ಬ್ರೇಕ್ ಹಿಡಿಯಲಿಲ್ಲ. ಎಡಗಡೆ ಗುಡ್ಡದ ಧರೆಗೆ ಒರೆಸಿಕೊಂಡು ನಿಲ್ಲಿಸಿದೆ. ಲೈನರ್ ಎಲ್ಲ ಹೊಸದು ಹಾಕಿಸಿದೆ, ಪ್ಲಗ್ಗನ್ನು ಹಳೆ ಎತ್ತರಕ್ಕೇ ತಂದೆ. ಆದರೂ ಶಾಖ ಇಳಿಯಲಿಲ್ಲ. ಸಾವಿರದ ಐನೂರು ಕೊಟ್ಟು ಟೆಂಪರೇಚರ್ ಗನ್ ತಂದು ಹಿಡಿದೆ. ಕಂಪನಿಯ ತಗಡಿನ ಕವರಿನಲ್ಲಿ 105 ಡಿಗ್ರಿಯ ಆಸುಪಾಸು ಇದ್ದದ್ದು ಡಬ್ಬಿಯಲ್ಲಿ 110 ದಾಟಿತ್ತು.

ಯಾಕೆ ಅಂತ ಒಂದು ವಾರ ತಲೆ ಕೆಡಿಸಿಕೊಂಡೆ. ಕ್ರೌನ್ ತಿರುಗುತ್ತಾ ಆಯಿಲನ್ನು ಮೇಲಕ್ಕೆ ಎಸೆಯುತ್ತದೆ. ಗುಂಡಗಿನ ಕವರ್ ಆದರೆ ಆಯಿಲ್ ಅದರ ಬೆನ್ನಿಗೇ ಸುತ್ತಿ ಪಿನಿಯನ್ ಕಡೆ ಹೋಗುತ್ತದೆ. ಚಪ್ಪಟೆ ಗೋಡೆಗೆ ಬಡಿದರೆ ಅಲ್ಲೇ ನೊರೆ ಆಗುತ್ತದೆ. ಹಾಗಾದರೆ ಬೇಕಾದ್ದು ಆಳದ, ಗುಂಡು ತಲೆಯ ಕವರ್, ಅಲ್ವಾ?

ಅದು ಗುಜರಿಯಲ್ಲೇ ಸಿಕ್ಕಿತು. ಲಾರಿ ಬ್ರೇಕಿನ ಹಳೆ ಏರ್ ಟ್ಯಾಂಕ್! ಅದರ ತುದಿಯ ಗುಂಡು ತಲೆ ಕೊಯ್ದು 10 ಎಂಎಂ ರಿಂಗಿಗೆ ಕೂರಿಸಿದೆ. ವೆಲ್ಡಿಂಗ್ ಆದ ಮೇಲೆಯೇ ಲೇತಿನಲ್ಲಿ ರಿಂಗಿನ ಮುಖ ಸಪಾಟು ಮಾಡಿಸಿ (ಫೇಸಿಂಗ್ ಹೊಡೆಸಿ). ಮೊದಲೇ ಹೊಡೆಸಿದರೆ ರಿಂಗ್ ಸೊಟ್ಟಗಾಗುತ್ತದೆ. ಕ್ರೌನಿಗೂ ಕವರಿಗೂ ಎಷ್ಟು ಗ್ಯಾಪ್ ಬಿಟ್ಟೆ, ವೆಲ್ಡಿಂಗ್ ಯಾವ ಕ್ರಮದಲ್ಲಿ ಹೊಡೆಸಿದೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಒಟ್ಟು ನಾಲ್ಕೂವರೆ ಸಾವಿರ ಬಿತ್ತು. ಅರ್ಧ ಲೀಟರ್ ಹತ್ತಿರ ಆಯಿಲ್ ಜಾಸ್ತಿ ಹಿಡಿಯುತ್ತದೆ. ಅದೇ ಲೋಡು, ಅದೇ ಘಾಟಿ, ಗನ್ನಿನಲ್ಲಿ 90ರ ಆಚೀಚೆ.

ಆಯಿಲ್ ವಿಷಯಕ್ಕೆ ಬರುತ್ತೇನೆ. ಗ್ಯಾರೇಜಿನಲ್ಲಿ ಗೇರ್‌ಬಾಕ್ಸಿಗೂ ಹೌಸಿಂಗಿಗೂ ಒಂದೇ ಇಪಿ 90 ಗೇರ್ ಆಯಿಲ್ ಸುರಿಯುತ್ತಾರೆ. ಡಬ್ಬಿಯ ಹಿಂದೆ ಓದಿ, ಎಷ್ಟೋ ಸಲ ಜಿಎಲ್-4 ಅನ್ನುವ ಕೆಳಗಿನ ದರ್ಜೆ ಇರುತ್ತದೆ. ನಮ್ಮ ಕ್ರೌನ್-ಪಿನಿಯನ್ ಹಲ್ಲು ಒಂದರ ಮೇಲೊಂದು ಜಾರುತ್ತವೆ, ಅದಕ್ಕೆ ಜಿಎಲ್-5 ಬೇಕೇ ಬೇಕು. ಅದನ್ನೇ ಗೇರ್‌ಬಾಕ್ಸಿಗೆ ಹಾಕಿದರೆ ಅದರ ಗಂಧಕದ ಮದ್ದು ಒಳಗಿನ ಹಿತ್ತಾಳೆ ರಿಂಗನ್ನು ತಿನ್ನಬಹುದು. ಲೋಡ್ ಸೀಸನ್ನಿಗೆ ನಾನು ದಪ್ಪನೆಯ 85ಡಬ್ಲ್ಯೂ-140 ಹಾಕುತ್ತೇನೆ. ಮೈಲೇಜ್ ಅರ್ಧ ಕಿಲೋಮೀಟರ್ ಬಿತ್ತು, ಇರಲಿ. ಖಾಲಿ ಓಡಾಟವೇ ಜಾಸ್ತಿ ಇರುವವರಿಗೆ ತೆಳುವಾದ 80ಡಬ್ಲ್ಯೂ-90 ಸಾಕು.

ಕಬ್ಬಿಣದ ಚೂರು ಹಿಡಿಯಲಿ ಅಂತ ಡ್ರೈನ್ ಪ್ಲಗ್ಗಿಗೆ ಆಯಸ್ಕಾಂತ ಕೂರಿಸಲೂ ನೋಡಿದೆ. ಆ ಪುಟ್ಟ ಹೊಳೆಯುವ ನಿಯೋಡಿಮಿಯಂ ಬೇಡ, 80 ಡಿಗ್ರಿ ದಾಟಿದರೆ ಶಕ್ತಿ ಕಳೆದುಕೊಳ್ಳುತ್ತದೆ. ಹಳೆ ಸ್ಪೀಕರಿನ ಕಪ್ಪು ಆಯಸ್ಕಾಂತದ ತುಂಡು ಈಗಲೂ ಕೆಲಸ ಮಾಡುತ್ತಿದೆ.

ಬ್ರೀದರ್, ಅಂದರೆ ಹೌಸಿಂಗ್ ಉಸಿರಾಡುವ ತೂತು, ಮರೆಯಬೇಡಿ. ಕಾದ ಹೌಸಿಂಗ್ ಹಳ್ಳದ ತಣ್ಣೀರಿಗೆ ಇಳಿದರೆ ನೀರು ಎಳೆದುಕೊಳ್ಳುತ್ತದೆ, ಆಯಿಲ್ ಹಾಲು ಹಾಕಿದ ಕಾಫಿಯಂತಾಗುತ್ತದೆ. ಅರವತ್ತು ರೂಪಾಯಿಯ ಪೈಪ್ ಹಾಕಿ ಬ್ರೀದರನ್ನು ಬಾಡಿ ಕೆಳಗೆ ಎತ್ತರಕ್ಕೆ ಕಟ್ಟಿದ್ದೇನೆ. ಕಳೆದ ತಿಂಗಳು ಆಯಿಲ್ ಬದಲಿಸಿದೆ. ಆಯಸ್ಕಾಂತದ ಮೇಲೆ ಕಾಡಿಗೆಯಷ್ಟು ನುಣ್ಣನೆ ಕಪ್ಪು ಬಿಟ್ಟರೆ ಒಂದು ಚೂರೂ ಇರಲಿಲ್ಲ. ಮೇಸ್ತ್ರಿ ಬೆರಳಲ್ಲಿ ಉಜ್ಜಿ ನೋಡಿದರು. ಅವರ ಗಿರಾಕಿಗೆ ಅಂತ ಈಗ ಎರಡು ಕವರ್ ಹೇಳಿದ್ದಾರೆ.