ಎಡಗೈಯಲ್ಲಿ ಹಿಡಿದು ನೋಡಿದ ಕತ್ತರಿ

ಮೊದಲ ಎರಡು ವರ್ಷ ನನ್ನ ಆನ್‌ಲೈನ್ ಅಂಗಡಿಯಲ್ಲಿ ಸ್ಟೇಷನರಿ ಅನ್ನೋದೆಲ್ಲ ಇತ್ತು. ಪೆನ್ನು, ನೋಟ್‌ಬುಕ್ಕು, ಕತ್ತರಿ, ಸ್ಕೇಲು, ಒಟ್ಟು 200ಕ್ಕೂ ಜಾಸ್ತಿ ಐಟಂ. ಜಾಹೀರಾತಿಗೆ ದುಡ್ಡು ಹಾಕಿದ ದಿನ ಆರ್ಡರ್ ಬರುತ್ತಿತ್ತು, ನಿಲ್ಲಿಸಿದರೆ ನಿಲ್ಲುತ್ತಿತ್ತು. ಒಮ್ಮೆ ಕೊಂಡವರು ಮತ್ತೆ ಈ ಕಡೆ ತಲೆ ಹಾಕುತ್ತಿರಲಿಲ್ಲ. ಯಾಕೆ ಬರಬೇಕು ಹೇಳಿ? ಅದೇ ಪೆನ್ನು ದೊಡ್ಡ ಸೈಟ್‌ಗಳಲ್ಲಿ ಇನ್ನೂ ಕಮ್ಮಿಗೆ ಸಿಗುತ್ತಿತ್ತು.

ಒಂದು ದಿನ ಒಬ್ಬರು ಕತ್ತರಿ ವಾಪಸ್ ಕಳಿಸಿದರು. ಕಾರಣ ಒಂದೇ ಸಾಲು: "ನಾನು ಎಡಗೈಯವಳು. ಇದು ಕತ್ತರಿಸಲ್ಲ, ಮಡಚುತ್ತೆ." ನನಗೆ ಅರ್ಥವಾಗಲಿಲ್ಲ. ಆ ಕತ್ತರಿಯನ್ನೇ ಎಡಗೈಯಲ್ಲಿ ಹಿಡಿದು ಒಂದು ತೆಳು ಹಾಳೆ ಕತ್ತರಿಸೋಕೆ ಹೋದೆ. ಹಾಳೆ ಎರಡು ಅಲಗಿನ ನಡುವೆ ಮಡಚಿ ಸಿಕ್ಕಿಕೊಂಡಿತು. ಮಾಮೂಲಿ ಕತ್ತರಿಯನ್ನು ಬಲಗೈಯಲ್ಲಿ ಅದುಮಿದಾಗ ಅಲಗುಗಳು ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಎಡಗೈಯಲ್ಲಿ ಅದುಮಿದರೆ ಅವೇ ಅಲಗುಗಳು ದೂರ ಸರಿಯುತ್ತವೆ. ಸಾಲದ್ದಕ್ಕೆ, ಕತ್ತರಿಸಬೇಕಾದ ಗೆರೆಯೂ ಅಲಗಿನ ಹಿಂದೆ ಮರೆಯಾಗುತ್ತದೆ. ನೂರಕ್ಕೆ ಸುಮಾರು 10 ಮಂದಿ ಎಡಗೈಯವರು. ಅಷ್ಟು ಜನ ದಿನಾ ಹೀಗೆ ಒದ್ದಾಡುತ್ತಾರೆ ಅಂತ ನನಗೆ ಹೊಳೆದೇ ಇರಲಿಲ್ಲ.

ಅವತ್ತು ರಾತ್ರಿ ಕೂತು ಹಳೆಯ ರಿಟರ್ನ್‌ಗಳ ಕಾರಣಗಳನ್ನೆಲ್ಲ ಓದಿದೆ. ನೋಟ್‌ಬುಕ್ಕಿನ ಸ್ಪೈರಲ್ ಕೈಗೆ ಒತ್ತುತ್ತೆ. ಇಂಕು ಒಣಗೋ ಮೊದಲೇ ಕೈಗೆ ಮೆತ್ತಿಕೊಳ್ಳುತ್ತೆ. ಎಡದಿಂದ ಬಲಕ್ಕೆ ಬರೆಯುವಾಗ ಎಡಗೈ ಈಗಷ್ಟೇ ಬರೆದ ಅಕ್ಷರದ ಮೇಲೇ ಸಾಗುತ್ತೆ, ಅಲ್ವಾ? ಇದೆಲ್ಲ ತಿಂಗಳುಗಟ್ಟಲೆಯಿಂದ ನನ್ನ ಮುಂದೆಯೇ ಬಿದ್ದಿತ್ತು.

ಮರುದಿನದಿಂದ ಹಾಗೆ ವಾಪಸ್ ಕಳಿಸಿದವರಲ್ಲಿ ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಮಾರುವ ಮಾತೇ ಎತ್ತಲಿಲ್ಲ. "ಪೆನ್ನು ಹುಡುಕುವಾಗ ಏನಂತ ಟೈಪ್ ಮಾಡಿದ್ರಿ?" ಅಂತಷ್ಟೇ ಕೇಳಿದೆ. 'ಎಡಗೈ ಪೆನ್ನು' ಅಂತಾರೆ ಅಂದುಕೊಂಡಿದ್ದೆ. ಹೆಚ್ಚಿನವರು ಹೇಳಿದ್ದು 'ಬೇಗ ಒಣಗೋ ಇಂಕು', 'ಕೈಗೆ ಮಸಿ ಹತ್ತದ ಪೆನ್ನು'. ತಮಗೆಂದೇ ಮಾಡಿದ ವಸ್ತುಗಳು ಇವೆ ಅನ್ನೋದೇ ಕೆಲವರಿಗೆ ಗೊತ್ತಿರಲಿಲ್ಲ. ಅವರ ಮಾತನ್ನು ಹಾಗೆಹಾಗೇ ನನ್ನ ಪುಟಗಳಲ್ಲಿ ಹಾಕಿದೆ. ನಾನು ಮಾಡಿದ ಕೆಲಸಗಳಲ್ಲೆಲ್ಲ ಹೆಚ್ಚು ಫಲ ಕೊಟ್ಟದ್ದು ಇದೇ. ಜಾಹೀರಾತಿಲ್ಲದೆ ಜನ ಬರತೊಡಗಿದರು.

ಎಡಗೈಯವರಿಗೆ ಆಗುವಂಥವನ್ನು ಮಾತ್ರ ಉಳಿಸಿಕೊಂಡು, 200 ಐಟಂ 23ಕ್ಕೆ ಇಳಿಸಿದೆ. ನಾಲ್ಕು ತಿಂಗಳು ವ್ಯಾಪಾರ ಬಿದ್ದುಹೋಯಿತು. ನಿದ್ದೆಯೂ ಹೋಯಿತು.

ಆಗಲೇ ಒಂದು ಎಡವಟ್ಟು. ಒಬ್ಬ ಸರಬರಾಜುದಾರರಿಂದ ಎಡಗೈ ಕತ್ತರಿ ತರಿಸಿದೆ. ಹಿಡಿ ಎಡಗೈಗೆ ಚೆನ್ನಾಗಿ ಕೂರುತ್ತಿತ್ತು, ಆದರೆ ಅಲಗು ಮಾತ್ರ ಮಾಮೂಲಿ ಬಲಗೈ ಕತ್ತರಿಯದ್ದೇ. ನಿಜವಾದ ಎಡಗೈ ಕತ್ತರಿಯಲ್ಲಿ ಅಲಗುಗಳೇ ಅದಲುಬದಲಾಗಿ, ಎಡಭಾಗದ ಅಲಗು ಮೇಲೆ ಬರಬೇಕು. ಒಬ್ಬ ಟೈಲರ್ ಫೋಟೋ ತೆಗೆದು, ಗುರುತು ಹಾಕಿ ತೋರಿಸಿಕೊಟ್ಟರು. ಕೊಂಡಿದ್ದ 41 ಜನರಿಗೂ ತಪ್ಪು ಏನೆಂದು ಬರೆದು, ಅವರು ಕೇಳುವ ಮೊದಲೇ ದುಡ್ಡು ವಾಪಸ್ ಹಾಕಿದೆ. ಕೈ ಖಾಲಿಯಾಯಿತು. ಆದರೆ ಆ 41ರಲ್ಲಿ 30ಕ್ಕೂ ಹೆಚ್ಚು ಜನ ಇವತ್ತಿಗೂ ನನ್ನ ಗ್ರಾಹಕರು. ಆ ಟೈಲರ್ ತಮ್ಮ ಪರಿಚಯದ ಎಡಗೈಯವರನ್ನೆಲ್ಲ ಕರೆತಂದರು.

ಆಮೇಲೆ ಸುಮ್ನೆ ಏನನ್ನೂ ಮಾರಾಟಕ್ಕೆ ಇಟ್ಟಿಲ್ಲ. ನಾನು ಬಲಗೈಯವನು, ನನ್ನ ಕೈ ಅಳತೆಗೆ ಬರಲ್ಲ. ಹೊಸ ವಸ್ತು ಬಂದರೆ ಮೊದಲು ಆರು ಗ್ರಾಹಕರಿಗೆ ಕಳಿಸುತ್ತೇನೆ. ಅವರು ಬೇಡ ಅಂದರೆ ಬೇಡ. ಆಗಸ್ಟ್ 13 ಅಂತಾರಾಷ್ಟ್ರೀಯ ಎಡಗೈಯವರ ದಿನ. ಆವತ್ತು ಎಲ್ಲರೂ ಡಿಸ್ಕೌಂಟ್ ಕೊಡಿ ಅಂತ ಸಲಹೆ ಕೊಡುತ್ತಾರೆ. ನಾನು ಅದರ ಬದಲು ಮುಂದೆ ಏನು ತರಿಸಲಿ ಅಂತ ಗ್ರಾಹಕರನ್ನು ಕೇಳುತ್ತೇನೆ.

ಕಳೆದ ಸಲ ಜಾಸ್ತಿ ಜನ ಕೇಳಿದ್ದು ಮಕ್ಕಳ ಪೆನ್ಸಿಲ್ ಶಾರ್ಪ್‌ನರ್. ಎಡಗೈಗೆ ಅದರ ಬ್ಲೇಡ್ ತಿರುವುಮುರುವಾಗಿ ಇರಬೇಕು. ಮೂರು ಬಗೆಯವು ಬಂದಿವೆ. ಎರಡನ್ನು ಆರು ಜನರೂ ಬೇಡ ಅಂದಿದ್ದಾರೆ. ಮೂರನೆಯದು ಈಗ ಅವರ ಮಕ್ಕಳ ಕೈಯಲ್ಲಿದೆ.