ಮಾದರಿ ಯಾವಾಗ ಮತ್ತೆ ಕಲಿಯಬೇಕು: ಬ್ಯಾಡಗಿಯ ಶೀತಲಗೃಹದ ಅನುಭವ

ಹುಬ್ಬಳ್ಳಿಯಲ್ಲಿದ್ದುಕೊಂಡು ಬ್ಯಾಡಗಿಯ ಒಂದು ಶೀತಲಗೃಹದ ನಿಯಂತ್ರಣ ವ್ಯವಸ್ಥೆಯನ್ನು ನೋಡಿಕೊಳ್ಳುತ್ತೇನೆ. ಕಂಪ್ರೆಸರ್ ಇಷ್ಟು ವೇಗದಲ್ಲಿ ಓಡಿದರೆ ಕೋಣೆ ಇಷ್ಟು ತಣಿಯುತ್ತದೆ ಎಂದು ಮುಂದಾಗಿ ಲೆಕ್ಕ ಹಾಕುವ ಗಣಿತದ ಮಾದರಿಯೇ ಅದರ ಜೀವ. ಮೆಣಸಿನಕಾಯಿ ಆವಕ ಜೋರಾಗಿ ಚೀಲಗಳು ತುಂಬಿದರೆ, ಖಾಲಿ ಕೋಣೆಯಲ್ಲಿ ಕಲಿತ ಲೆಕ್ಕ ನಡೆಯುವುದಿಲ್ಲ. ಹಾಗಾಗಿ ಪ್ರತಿ ರಾತ್ರಿ ಹೊಸ ದತ್ತಾಂಶದಿಂದ ಮಾದರಿಗೆ ಮರುಪಾಠ ಮಾಡಿಸುತ್ತಿದ್ದೆ.

ಬೇಸಿಗೆಯಲ್ಲಿ ಅದೇ ಮುಳುವಾಯಿತು. ಮಧ್ಯಾಹ್ನ ಚಾವಣಿ ಕಾದಂತೆಲ್ಲ ಕಂಪ್ರೆಸರ್ ವೇಗ ಏರುತ್ತಿತ್ತು, ಒಳಗಿನ ಉಷ್ಣಾಂಶ 6 ಡಿಗ್ರಿಯಲ್ಲೇ ನಿಂತಿರುತ್ತಿತ್ತು. ಚಾವಣಿಯ ಬಿಸಿಯನ್ನು ನಾವು ಅಳೆಯುತ್ತಿರಲಿಲ್ಲ. ಆದ್ದರಿಂದ ಕಂಪ್ರೆಸರ್ ಎಷ್ಟು ಓಡಿದರೂ ಕೋಣೆ ತಣಿಯುವುದಿಲ್ಲ ಎಂದು ಮಾದರಿ ಕಲಿತುಬಿಟ್ಟಿತು. ಆಮೇಲೆ ಯಾರಾದರೂ ಬಾಗಿಲು ತೆರೆದು ಮುಚ್ಚಿದರೂ ಸಾಕು, ಯಂತ್ರ ಪೂರ್ತಿ ವೇಗಕ್ಕೆ ಜಿಗಿಯುತ್ತಿತ್ತು. ನಿಯಂತ್ರಕವೇ ಎಲ್ಲವನ್ನೂ ಸರಿದೂಗಿಸುತ್ತಿರುವಾಗ ಸಿಗುವ ದತ್ತಾಂಶ ರಾಶಿ ರಾಶಿಯಾಗಿದ್ದರೂ ಅದರಲ್ಲಿ ಕಲಿಯುವುದು ಬಹಳ ಕಡಿಮೆ.

ಈಗ ಹಾಗೆ ಪ್ರತಿ ರಾತ್ರಿ ಕಲಿಸುವುದಿಲ್ಲ. ಮಾದರಿ ಹೇಳಿದ ಉಷ್ಣಾಂಶಕ್ಕೂ ನಿಜಕ್ಕೂ ಇರುವ ವ್ಯತ್ಯಾಸವನ್ನು ನಿಮಿಷ ನಿಮಿಷಕ್ಕೂ ಕೂಡಿಸುತ್ತಾ ಹೋಗುತ್ತೇನೆ. ಸಂಖ್ಯಾಶಾಸ್ತ್ರಜ್ಞ ಇ. ಎಸ್. ಪೇಜ್ 1954ರಲ್ಲಿ ಮಂಡಿಸಿದ ಕುಸಮ್ (CUSUM, ಅಂದರೆ ಕೂಡುತ್ತಾ ಹೋಗುವ ಮೊತ್ತ) ವಿಧಾನ ಇದು. ಬಾಗಿಲು ತೆರೆದಾಗಿನ ತಪ್ಪು ಬಂದು ಹೋಗುತ್ತದೆ. ಕೋಣೆಯ ಗುಣವೇ ಬದಲಾಗಿದ್ದರೆ ತಪ್ಪು ಒಂದೇ ಕಡೆಗೆ ವಾಲಿ ಮೊತ್ತ ಏರುತ್ತಲೇ ಇರುತ್ತದೆ. ಮೊತ್ತ ಮಿತಿ ದಾಟಿದ ರಾತ್ರಿ ಕಂಪ್ರೆಸರ್ ವೇಗವನ್ನು ಬೇಕೆಂದೇ ಒಂದಿಷ್ಟು ಏರಿಸಿ ಇಳಿಸುತ್ತೇನೆ, ಕೋಣೆ ಅರ್ಧ ಡಿಗ್ರಿಗಿಂತ ಹೆಚ್ಚು ಅಲುಗದಂತೆ. ಆ ಕೆಲವು ಗಂಟೆಗಳ ದತ್ತಾಂಶ ನನಗೆ ಇಡೀ ತಿಂಗಳಿನ ಸಪ್ಪೆ ದಾಖಲೆಗಿಂತ ಹೆಚ್ಚು ಬೆಲೆಯದು.

ಫೆಬ್ರವರಿಯ ಒಂದು ಸಂಜೆ ಮೊತ್ತ ಮಿತಿ ದಾಟಿತು. ಕಲಿಸುವ ಮುನ್ನ ಆಪರೇಟರ್‌ಗೆ ಫೋನ್ ಮಾಡಿ, ಒಳಗೆ ಒಮ್ಮೆ ನೋಡಿ ಬರಲು ಹೇಳಿದೆ. ‘ಸರ್, ಮೂಲೆಯ ಸೆನ್ಸರ್‌ಗೆ ಚೀಲ ಒರಗಿದೆ’ ಎಂದರು. ಆಗತಾನೆ ಲಾರಿಯಿಂದ ಇಳಿಸಿದ್ದ ಬೆಚ್ಚಗಿನ ಚೀಲ. ಹಮಾಲರು ಅದನ್ನು ಒಂದು ಮೊಳ ಸರಿಸಿದ ಮೇಲೆ ತಪ್ಪು ಸೊನ್ನೆಯತ್ತ ಇಳಿಯಿತು. ಆ ರಾತ್ರಿ ಕಲಿಸಿದ್ದರೆ ಮಾದರಿ ಕೋಣೆಯನ್ನಲ್ಲ, ಆ ಚೀಲವನ್ನು ಕಲಿತಿರುತ್ತಿತ್ತು. ಅಂದಿನಿಂದ ಪಕ್ಕದ ಎರಡು ಸೆನ್ಸರ್‌ಗಳೂ ಅದೇ ಮಾತು ಹೇಳದೆ ಮರುಪಾಠಕ್ಕೆ ಅನುಮತಿ ಕೊಡುವುದಿಲ್ಲ.

ಆ ಹಂಗಾಮು ಮುಗಿಯುವವರೆಗೆ ಮಾದರಿ ಮೂರೇ ಬಾರಿ ಕಲಿಯಿತು: ಕೋಣೆ ತುಂಬಿದಾಗ, ಒಳಗಿನ ಬಿಸಿಯನ್ನು ಹೊರಗೆ ಬಿಡುವ, ಧೂಳು ಕಟ್ಟಿದ್ದ ಕಂಡೆನ್ಸರ್ ತೊಳೆದ ಮೇಲೆ, ಅರ್ಧ ಮಾಲು ಹೊರಗೆ ಹೋದಾಗ.